ಹಿಮದ ಕಥೆಗೆ ಆಟಿಯ ಊರಲ್ಲಿ ಏನು ಕೆಲಸ?

ಮಕ್ಕಳ ಸಾಹಿತ್ಯದ ಗೋಷ್ಠಿಗಳಲ್ಲಿ ಒಂದು ಪ್ರಶ್ನೆಗೆ ಯಾವಾಗಲೂ ಚಪ್ಪಾಳೆ ಬೀಳುತ್ತದೆ: "ಹಿಮವನ್ನೇ ಕಾಣದ ನಮ್ಮ ಮಕ್ಕಳಿಗೆ ಹಿಮದ ಕಥೆ ಯಾಕೆ?" ಕೇಳಿದವರು ನೆಲದ ಮಾತಾಡಿದವರಂತೆ ಕಾಣುತ್ತಾರೆ. ಕೇಳಿಸಿಕೊಂಡವರಿಗೆ ತಾವೂ ಏನನ್ನೋ ಉಳಿಸಿಕೊಂಡೆವೆಂಬ ಸಮಾಧಾನ. ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಕಳೆದ ವರ್ಷ ನಾನೊಂದು ಪ್ರಬಂಧ ಓದಿದಾಗಲೂ ಇದೇ ಪ್ರಶ್ನೆ ಬಂತು. ಕೇಳಿದ ಹಿರಿಯರು ನಗುತ್ತಲೇ ಇನ್ನೊಂದು ಮಾತು ಸೇರಿಸಿದರು: "ಅದರಲ್ಲಿ ರಾಕ್ಷಸ ಇಲ್ಲ, ಯುದ್ಧ ಇಲ್ಲ, ನೀತಿಯೂ ಇಲ್ಲ ಹೇಳ್ತೀರಿ. ಮತ್ತೆ ಮಕ್ಕಳು ಅದನ್ನು ಎಂತಕ್ಕೆ ಓದ್ಬೇಕು ಮಾರಾಯ್ರೆ?"

ಈ ಬರಹ ಆ ಎರಡು ಪ್ರಶ್ನೆಗಳಿಗೆ ಉತ್ತರ. ಮೊದಲನೆಯದನ್ನು ಪ್ರಶ್ನೆ ಎಂದು ಕರೆಯುವುದೇ ಕಷ್ಟ, ಅದು ಬಾಗಿಲು ಹಾಕುವ ಉಪಾಯ. ಎರಡನೆಯದು ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ನಮ್ಮ ಮಕ್ಕಳ ಪುಸ್ತಕಗಳು ಯಾಕೆ ಇಷ್ಟು ಸಪ್ಪೆಯಾಗಿವೆ ಎಂಬುದೂ ತಿಳಿಯುತ್ತದೆ.

ನಾನು ಹೇಳುತ್ತಿರುವ ಪುಸ್ತಕ ಫಿನ್ಲೆಂಡಿನ ತೂವೆ ಯಾನ್ಸೊನ್ ಬರೆದದ್ದು. ಬರೆದದ್ದು ಸ್ವೀಡಿಷ್‌ನಲ್ಲಿ, ಅಂದರೆ ತನ್ನ ದೇಶದ ಅಲ್ಪಸಂಖ್ಯಾತರ ನುಡಿಯಲ್ಲಿ. 1957ರಲ್ಲಿ 'ಟ್ರೋಲ್‌ವಿಂಟರ್' ಎಂಬ ಹೆಸರಿನಲ್ಲಿ ಬಂದ ಈ ಕಾದಂಬರಿ ಮರುವರ್ಷವೇ 'ಮೂಮಿನ್‌ಲ್ಯಾಂಡ್ ಮಿಡ್‌ವಿಂಟರ್' ಆಗಿ ಇಂಗ್ಲಿಷಿಗೆ ಹೋಯಿತು. ಮೂಮಿನ್‌ಗಳೆಂದರೆ ನೀರಾನೆಯಂಥ ಮೂತಿಯ, ಬೆಳ್ಳಗೆ ದುಂಡಗಿನ ಪುಟ್ಟ ಜೀವಿಗಳು. ನವೆಂಬರ್ ಬಂತೆಂದರೆ ಪೈನ್ ಎಲೆಗಳನ್ನು ಹೊಟ್ಟೆ ತುಂಬ ತಿಂದು ಏಪ್ರಿಲ್‌ವರೆಗೆ ಮಲಗಿಬಿಡುವುದು ಅವುಗಳ ಕುಲಪದ್ಧತಿ. ಒಂದು ಸಲ ನಡುಚಳಿಯಲ್ಲಿ ಮನೆಯ ಮಗ ಮೂಮಿನ್‌ಟ್ರೋಲ್‌ಗೆ ಎಚ್ಚರವಾಗುತ್ತದೆ. ಮತ್ತೆ ನಿದ್ದೆ ಹತ್ತುವುದಿಲ್ಲ. ಅಮ್ಮನನ್ನು ಎಬ್ಬಿಸುತ್ತಾನೆ, ಅವಳು ಏಳುವುದಿಲ್ಲ. ಬಾಗಿಲು ಹಿಮದಲ್ಲಿ ಹೂತುಹೋಗಿದೆ. ಮಾಡಿನ ಕಿಂಡಿಯಿಂದ ಹೊರಬಂದರೆ ತನ್ನದೇ ಕಣಿವೆ ಗುರುತು ಸಿಗದ ಹಾಗೆ ಬದಲಾಗಿದೆ.

ಕಥೆ ಇಷ್ಟೇ. ಅವನು ಆ ಚಳಿಗಾಲವನ್ನು ಕಳೆಯಬೇಕು. ಮಾಟಗಾತಿಯನ್ನು ಕೊಲ್ಲುವುದಿಲ್ಲ, ನಿಧಿ ತರುವುದಿಲ್ಲ, ಜಗತ್ತನ್ನು ಉಳಿಸುವುದಿಲ್ಲ. ಸಮುದ್ರದ ದಂಡೆಯ ಸ್ನಾನದ ಮನೆಯಲ್ಲಿ ವಾಸವಾಗಿರುವ ಟೂಟಿಕಿ ಎಂಬಾಕೆ ಅವನ ಜೊತೆ ಮಾತಾಡುತ್ತಾಳೆ. ಆದರೆ ಅವನ ಭಯವನ್ನು ಹೋಗಲಾಡಿಸಲು ಅವಸರ ಮಾಡುವುದಿಲ್ಲ.

ಈಗ ಈ ಬಗೆಯ ಪುಸ್ತಕಗಳನ್ನು ಮೆಚ್ಚುವವರ ಬಗ್ಗೆಯೂ ಒಂದು ಮಾತು ಹೇಳಬೇಕು. ಡಿಸೆಂಬರ್ ಬಂದರೆ ಇನ್‌ಸ್ಟಾಗ್ರಾಮ್‌ನಲ್ಲಿ ಕಂಬಳಿ, ಕಾಫಿ ಲೋಟ, ಮೇಣದ ಬತ್ತಿ, ಪಕ್ಕದಲ್ಲಿ ಇಂಥದೊಂದು ಪುಸ್ತಕ ಇರುವ ಚಿತ್ರಗಳು ತುಂಬಿಕೊಳ್ಳುತ್ತವೆ. ಚಳಿಗಾಲದ ಮೆದುವಾದ ಕಥೆ ಎಂದರೆ ಬೆಚ್ಚಗಿನ ಕಥೆ, ದಣಿದ ಮನಸ್ಸಿಗೆ ಕೊಡುವ ಬಿಸಿನೀರಿನ ಶಾಖ ಎಂಬ ನಂಬಿಕೆ ಬೆಳೆದಿದೆ. ಹೀಗೆ ಮೆಚ್ಚುವವರೂ "ಇದು ವಾಸ್ತವದಿಂದ ತಪ್ಪಿಸಿಕೊಳ್ಳುವ ಸಾಹಿತ್ಯ" ಎಂದು ಮೂಗು ಮುರಿಯುವವರೂ ಒಂದೇ ಕಡೆ ಎಡವುತ್ತಾರೆ. ಇಬ್ಬರೂ ಮೆದು ಎಂದರೆ ಸಿಹಿ ಎಂದು ತಿಳಿದಿದ್ದಾರೆ. ಒಬ್ಬರಿಗೆ ಆ ಸಿಹಿ ಬೇಕು, ಇನ್ನೊಬ್ಬರಿಗೆ ಬೇಡ.

ಪುಸ್ತಕವನ್ನೇ ನೋಡಿ. ಚಂದದ ಬಾಲದ, ಮರೆಗುಳಿ ಅಳಿಲೊಂದು ಇದರಲ್ಲಿ ಬರುತ್ತದೆ. ಮಹಾಚಳಿಯ ಹೆಣ್ಣು ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದು ಬರುವ ದಿನ ಯಾರೂ ಹೊರಗೆ ಹೋಗಬಾರದು ಎಂದು ಎಚ್ಚರಿಸಿದ್ದರೂ ಅಳಿಲು ಮರೆತು ಹೊರಗೆ ಬರುತ್ತದೆ. ಅವಳ ಮುಖ ನೋಡುತ್ತದೆ. ಸೆಟೆದು ಸಾಯುತ್ತದೆ. ಪುಟ್ಟ ಮೈ ಎಂಬ ಹುಡುಗಿಗೆ ಆ ಬಾಲದ ಮೇಲೆ ಕಣ್ಣು, ಚಳಿಗೆ ಕೈ ಬೆಚ್ಚಗಿಡಲು ಆದೀತು ಎಂದು. ಮೂಮಿನ್‌ಟ್ರೋಲ್ ಅಂತ್ಯಕ್ರಿಯೆ ಆಗಲೇಬೇಕು ಎಂದು ಹಟ ಹಿಡಿಯುತ್ತಾನೆ. ಅಳಿಲು ಮಣ್ಣಾಗುತ್ತದೆ, ಆ ಮಣ್ಣಿನಲ್ಲಿ ಮರ ಬೆಳೆಯುತ್ತದೆ, ಆ ಮರದಲ್ಲಿ ಬೇರೆ ಅಳಿಲುಗಳು ಓಡಾಡುತ್ತವೆ ಎಂಬರ್ಥದ ಮಾತನ್ನು ಟೂಟಿಕಿ ಹೇಳುತ್ತಾಳೆ. ಸತ್ತದ್ದನ್ನು ಸತ್ತಿಲ್ಲ ಎನ್ನುವುದಿಲ್ಲ. ದೇವರ ಹತ್ತಿರ ಹೋಯಿತು ಎಂದೂ ಹೇಳುವುದಿಲ್ಲ.

ಇದು ಬೆಚ್ಚಗಿನ ಕಥೆಯೇ? ಇಲ್ಲಿರುವ ಮೆದುತನ ಬೇರೆ ಬಗೆಯದು. ಸಾವನ್ನು ಮಗುವಿನ ಎದುರಿಗೆ ಇಟ್ಟು, ಮಗು ಅದನ್ನು ನೋಡುವಾಗ ಪಕ್ಕದಲ್ಲಿ ಕೂತಿರುವ ಮೆದುತನ ಇದು. ಮಗುವಿನ ಕಣ್ಣು ಮುಚ್ಚಿ ಮುದ್ದಾಡುವುದು ಸುಲಭ. ಕಣ್ಣು ಬಿಡಿಸಿ ಕೈ ಹಿಡಿದುಕೊಳ್ಳುವುದು ಕಷ್ಟ. ಈ ಪುಸ್ತಕ ಆ ಕಷ್ಟದ ಕೆಲಸ ಮಾಡುತ್ತದೆ, ಅದರ ಆಕರ್ಷಣೆಯ ಗುಟ್ಟೂ ಅದೇ ಎಂಬುದು ನನ್ನ ವಾದ.

ಹಿಮದ ಉಳಿದ ಪ್ರಸಿದ್ಧ ಕಥೆಗಳ ಪಕ್ಕದಲ್ಲಿಟ್ಟರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಆಂಡರ್ಸನ್ನನ 'ಹಿಮರಾಣಿ' 1844ರದು. ಅಲ್ಲಿ ಹುಡುಗನ ಕಣ್ಣಿಗೂ ಎದೆಗೂ ಸೈತಾನನ ಕನ್ನಡಿಯ ಚೂರು ಹೊಕ್ಕಿದೆ, ಗೆಳತಿಯ ಕಣ್ಣೀರು ಅದನ್ನು ಕರಗಿಸಬೇಕು. 1950ರಲ್ಲಿ ಬಂದ ಸಿ.ಎಸ್. ಲೂಯಿಸನ ನಾರ್ನಿಯಾದಲ್ಲಿ ಚಳಿಗಾಲವೆಂದರೆ ಮಾಟಗಾತಿಯ ಆಳ್ವಿಕೆ, ಅವಳು ಸೋತರೆ ವಸಂತ. 2013ರ 'ಫ್ರೋಜನ್' ಸಿನಿಮಾದಲ್ಲಿ ಅಕ್ಕತಂಗಿಯರ ಪ್ರೀತಿ ಊರಿನ ಹಿಮವನ್ನು ಕರಗಿಸುತ್ತದೆ. ಮೂರರಲ್ಲೂ ಚಳಿ ಎಂದರೆ ತಪ್ಪಿದ್ದು, ಸರಿಮಾಡಬೇಕಾದದ್ದು. ಯಾನ್ಸೊನ್ ಒಬ್ಬಳೇ ಚಳಿಗಾಲವನ್ನು ಕಾಲ ಎಂದೇ ಒಪ್ಪಿಕೊಳ್ಳುತ್ತಾಳೆ. ಯಾರೂ ಗೆದ್ದದ್ದರಿಂದ ಅದು ಮುಗಿಯುವುದಿಲ್ಲ, ಮುಗಿಯುವ ಹೊತ್ತಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ಬದುಕುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಗ್ರೋಕ್ ಎಂಬ ಜೀವಿಯನ್ನು ಇದಕ್ಕೆ ಸಾಕ್ಷಿಯಾಗಿ ಕರೆಯಬಹುದು. ಅವಳು ಕೂತ ನೆಲ ಹೆಪ್ಪುಗಟ್ಟುತ್ತದೆ, ಅದಕ್ಕೇ ಎಲ್ಲರಿಗೂ ಅವಳೆಂದರೆ ಭಯ. ಸೂರ್ಯ ಮರಳಲಿ ಎಂದು ಹಚ್ಚಿದ ದೊಡ್ಡ ಬೆಂಕಿಯ ಹತ್ತಿರ ಅವಳು ಬರುತ್ತಾಳೆ, ಅದರ ಮೇಲೆ ಕೂರುತ್ತಾಳೆ, ಬೆಂಕಿ ಆರುತ್ತದೆ. ಬೇರೆ ಕಥೆಯಲ್ಲಾದರೆ ಇವಳೇ ರಾಕ್ಷಸಿ. ಇಲ್ಲಿ ತಿಳಿಯುವುದು ಇಷ್ಟು: ಅವಳು ಬೆಂಕಿ ಆರಿಸಲು ಬಂದವಳಲ್ಲ, ಅವಳಿಗೂ ಚಳಿಯಾಗುತ್ತಿತ್ತು. "ರಾಕ್ಷಸ ಇಲ್ಲದ ಕಥೆ ಎಂತಕ್ಕೆ" ಎಂದು ಕೇಳಿದ ಹಿರಿಯರಿಗೆ ನನ್ನ ಮೊದಲ ಉತ್ತರ ಈ ಗ್ರೋಕ್. ರಾಕ್ಷಸನನ್ನು ಕೊಲ್ಲುವುದನ್ನು ಮಕ್ಕಳಿಗೆ ಕಲಿಸಲು ಸಾವಿರ ಕಥೆಗಳಿವೆ. ಭಯ ಹುಟ್ಟಿಸುವವರಿಗೂ ಚಳಿಯಾಗುತ್ತದೆ ಎಂದು ತೋರಿಸುವ ಕಥೆಗಳು ಎಷ್ಟಿವೆ?

ಇನ್ನು "ಪರದೇಶದ್ದು" ಎಂಬ ಮಾತು. ಇದನ್ನು ಕರಾವಳಿಯ ನೆಲದಲ್ಲಿ ನಿಂತು ಹೇಳುವುದಕ್ಕೆ ಧೈರ್ಯ ಬೇಕು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (1874–1937) ಕನ್ನಡ ಮಕ್ಕಳ ಕಥೆಗೆ ಅಡಿಪಾಯ ಹಾಕಿದವರು. ಅವರ 'ಮೂರು ಕರಡಿಗಳು' ಎಲ್ಲಿಂದ ಬಂದದ್ದು? ಕುವೆಂಪು ಬ್ರೌನಿಂಗನ ಹ್ಯಾಮೆಲಿನ್ ಊರನ್ನು ಬೊಮ್ಮನಹಳ್ಳಿ ಮಾಡಿ ಕಿಂದರಿಜೋಗಿಯನ್ನು ಕೊಟ್ಟರು. ಮಣಿಪಾಲದ ವೈದೇಹಿಯವರು ಮಕ್ಕಳಿಗಾಗಿ 'ಗೊಂಬೆ ಮ್ಯಾಕ್‌ಬೆತ್' ಎಂಬ ನಾಟಕವನ್ನೇ ಬರೆದರು. ನಮ್ಮ ಒಳ್ಳೆಯ ಲೇಖಕರು ಯಾರೂ ಗಡಿಯಲ್ಲಿ ನಿಂತು ಕಥೆಗಳ ಪಾಸ್‌ಪೋರ್ಟ್ ನೋಡಿದವರಲ್ಲ. ಇನ್ನೂ ಒಂದು ಮಾತು: ಕುವೆಂಪು ಮಕ್ಕಳನ್ನು ಬೆಟ್ಟದೊಳಗೆ ಕಳಿಸಿ ಬಾಗಿಲು ಮುಚ್ಚಿದರು. ಗೋವಿನ ಹಾಡಿನಲ್ಲಿ ಹುಲಿ ಸಾಯುತ್ತದೆ, ಅದನ್ನು ಹಾಡಿ ಅತ್ತ ಮಕ್ಕಳು ಎಷ್ಟು ತಲೆಮಾರಿನವರೋ! ಮಕ್ಕಳ ಎದುರಿಗೆ ನೋವನ್ನಿಡುವುದು ನಮಗೆ ಹೊಸದಲ್ಲ. ಅದನ್ನು ಮರೆತದ್ದು ಹೊಸದು.

ಫಿನ್ಲೆಂಡ್ ದೂರ ಎನ್ನುವವರಿಗೆ ಇನ್ನೊಂದು ಸಂಗತಿ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ನಮ್ಮ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆ ಸೇರಿ ಗೋಪಾಲ ನಾಯ್ಕರ ಬಾಯಿಂದ ಸಿರಿ ಪಾಡ್ದನವನ್ನು ದಾಖಲಿಸಿಕೊಂಡರು. 15,683 ಸಾಲುಗಳ ಆ ತುಳು ಮಹಾಕಾವ್ಯ 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾಯಿತು. ಸಿರಿಯ ಮೊಮ್ಮಕ್ಕಳಾದ ಅಬ್ಬಗ–ದಾರಗ ಎಂಬ ಅಕ್ಕತಂಗಿಯರು ಚೆನ್ನೆಮಣೆ ಆಡುತ್ತ ಜಗಳವಾಗಿ ಸಾಯುವ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಸೋದರಿಯರ ಕಥೆ ಹಿಮದ ನಾಡಿಗೆ ಹೋಗಬಹುದಂತೆ, ಅಲ್ಲಿಯ ಅಳಿಲಿನ ಸಾವು ಮಾತ್ರ ಕಾರ್ಕಳಕ್ಕೆ ಬರಬಾರದಂತೆ. ಇದೆಂಥ ಲೆಕ್ಕ?

ಆದರೆ ನನ್ನ ಮುಖ್ಯ ಮಾತು "ಪರದೇಶದ್ದಾದರೂ ಪರವಾಗಿಲ್ಲ" ಎಂಬುದಲ್ಲ. ಈ ಕಥೆಯ ಒಳಗಿರುವ ಕಾಲ ನಮಗೆ ಚೆನ್ನಾಗಿ ಪರಿಚಯವಿದೆ, ಅದನ್ನು ನಾವು ಆಟಿ ಎಂದು ಕರೆಯುತ್ತೇವೆ.

ಕುಕ್ಕುಂದೂರಿನಲ್ಲಿ ಹಿಮ ಬೀಳುವುದಿಲ್ಲ. ಡಿಸೆಂಬರಿನ ಚಳಿಗೆ ಬೆಳಗ್ಗೆ ಒಂದು ಶಾಲು ಸಾಕು. ಆದರೆ ಕಾರ್ಕಳದ ಆಸುಪಾಸಿನಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ಹಗಲಿಗೂ ದೀಪ ಬೇಕು. ಬೇಶ ತಿಂಗಳ ಪತ್ತನಾಜೆಯಂದೇ ಕೋಲ, ಜಾತ್ರೆ, ಮೇಳದ ಆಟಗಳೆಲ್ಲ ನಿಂತಿರುತ್ತವೆ. ಆಟಿಯಲ್ಲಿ ಮದುವೆ ಇಲ್ಲ. ಹೊಸ ಮದುಮಗಳು ತವರಿಗೆ ಬಂದು ಕೂರುತ್ತಾಳೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲ. ಹಿಂದೆ ಈ ಹೊತ್ತಿಗೆ ಅಕ್ಕಿಯೂ ಮುಗಿದಿರುತ್ತಿತ್ತು. ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹಲಸಿನ ಬೀಜ, ಕೆಸುವಿನ ಎಲೆ, ತಜಂಕು, ಕಣಿಲೆ, ಒಣಮೀನು, ಇವುಗಳಲ್ಲೇ ದಿನ ದೂಡಬೇಕಿತ್ತು. ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿದ್ದದ್ದೂ ಆಗಲೇ. ಲೋಕ ಮುಚ್ಚಿಕೊಂಡು, ಮನೆಯೇ ಲೋಕವಾಗುವ ಕಾಲ ಅದು. ಮೂಮಿನ್‌ಟ್ರೋಲ್ ಕಣ್ಣು ಬಿಟ್ಟದ್ದು ಇಂಥದ್ದೇ ಕಾಲದೊಳಕ್ಕೆ.

ಮಳೆಗೂ ಕಥೆಗೂ ಇರುವ ನಂಟನ್ನು ನಮ್ಮ ತಾಲೂಕಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಂದಳಿಕೆಯ ಮುದ್ದಣ (1870–1901) 'ರಾಮಾಶ್ವಮೇಧ'ದ ಕಥೆಗೆ ಹೊರಡುವುದು ಮಳೆಗಾಲದ ಬಣ್ಣನೆಯಿಂದ. ಹೊರಗೆ ಮಳೆ, ಒಳಗೆ ಗಂಡ ಹೇಳುವ ಕಥೆ, ಕೇಳುವ ಮನೋರಮೆ ನಡುನಡುವೆ ತಡೆಯುತ್ತಾಳೆ, ಕೆಣಕುತ್ತಾಳೆ, ಇದು ಬೇಡ ಅದು ಹೇಳಿ ಎನ್ನುತ್ತಾಳೆ. ಕೇಳುವವರಿಗೆ ಪ್ರಶ್ನಿಸುವ ಹಕ್ಕು ಕೊಟ್ಟ ಕಥೆ ಅದು. ಅದೇ ತಾಲೂಕಿನ ಶಾಲೆಗಳಲ್ಲಿ ಇವತ್ತು ಕಥೆ ಮುಗಿದ ಮೇಲೆ ಪ್ರಶ್ನೆ ಕೇಳುವವರು ಮೇಷ್ಟ್ರು ಮಾತ್ರ, ಆ ಪ್ರಶ್ನೆಯೂ ಒಂದೇ: ಈ ಕಥೆಯ ನೀತಿ ಏನು?

ಟೂಟಿಕಿ ಒಂದು ಕಡೆ ಹೇಳುವ ಮಾತಿನ ಭಾವ ಹೀಗಿದೆ: ಬೇಸಗೆಯಲ್ಲೂ ವಸಂತದಲ್ಲೂ ಜಾಗ ಸಿಗದ ನಾಚಿಕೆಯ, ವಿಚಿತ್ರ ಜೀವಿಗಳು ಲೋಕದಲ್ಲಿ ಬೇಕಾದಷ್ಟಿವೆ. ಎಲ್ಲರೂ ಮಲಗಿದ ಮೇಲೆ ಅವು ಹೊರಗೆ ಬರುತ್ತವೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಆಟಿ ಕಳಂಜ. ದೊಡ್ಡ ದೈವಗಳ ನೇಮ ನಿಂತಿರುವಾಗ, ಭಂಡಾರದ ಬಾಗಿಲು ಮುಚ್ಚಿರುವಾಗ, ಈ ಸಣ್ಣ ದೈವ ಹೊರಡುತ್ತದೆ. ಸೊಂಟಕ್ಕೆ ತೆಂಗಿನ ಸಿರಿ, ಮುಖಕ್ಕೆ ಬಣ್ಣ, ಕಾಲಿಗೆ ಗಗ್ಗರ, ಕೈಯಲ್ಲಿ ತಾಳೆಗರಿಯ ಕೊಡೆ. ಜೊತೆಗೆ ತೆಂಬರೆ ಬಡಿಯುತ್ತ ಪಾಡ್ದನ ಹೇಳುವವರು. ಅಂಗಳದಲ್ಲಿ ಕುಣಿದು ಮನೆಯ, ಊರಿನ ಮಾರಿಯನ್ನು ತಾನು ಕೊಂಡುಹೋಗುತ್ತೇನೆಂದು ಹೇಳುತ್ತದೆ. ಮನೆಯವರು ಅಕ್ಕಿ, ತೆಂಗಿನಕಾಯಿ, ಅರಸಿನ, ಉಪ್ಪು, ಮೆಣಸು ಕೊಡುತ್ತಾರೆ.

ಮಕ್ಕಳ ಕಣ್ಣಿಂದ ಇದನ್ನು ಯೋಚಿಸಿ. ಕತ್ತಲುಗಟ್ಟಿದ ಮಧ್ಯಾಹ್ನ, ಮಳೆಯ ಸದ್ದಿನ ನಡುವೆ ದೂರದಿಂದ ಗಗ್ಗರದ ಸದ್ದು. ಗುರುತಿಲ್ಲದ ರೂಪವೊಂದು ಅಂಗಳಕ್ಕೆ ಬರುತ್ತದೆ. ಅದನ್ನು ಓಡಿಸುವುದಿಲ್ಲ, ಒಳಗೆ ಕರೆಯುವುದೂ ಇಲ್ಲ, ಗೆರಸೆಯಲ್ಲಿ ಅಕ್ಕಿ ತಂದು ಕೊಡುತ್ತಾರೆ. ಭಯ, ಕೌತುಕ, ಕರುಣೆ, ಹಸಿವು ಎಲ್ಲವೂ ಒಂದೇ ಅಂಗಳದಲ್ಲಿ. ಇದಕ್ಕಿಂತ ಒಳ್ಳೆಯ ಮಕ್ಕಳ ಕಥೆಗೆ ಇನ್ನೇನು ಬೇಕು?

ಇಲ್ಲಿ ನನ್ನ ಎಡಪಂಥೀಯ ಗೆಳೆಯರು ಎದ್ದು ನಿಲ್ಲುತ್ತಾರೆಂದು ಗೊತ್ತು. "ಹಸಿವನ್ನು ಚಂದ ಮಾಡಬೇಡ. ಗುತ್ತಿನ ಮನೆಯವರಿಗೆ ಆಟಿ ಎಂದರೆ ಚೆನ್ನೆಮಣೆ. ಮಳೆಯಲ್ಲಿ ನೆನೆಯುತ್ತ ಮನೆಮನೆ ತಿರುಗಿದ ನಲಿಕೆಯವರಿಗೆ ಅದು ಹೊಟ್ಟೆಯ ಪಾಡು." ಒಪ್ಪಿದೆ. ಆ ಸಮುದಾಯದ ಎಷ್ಟೋ ಯುವಕರಿಗೆ ಇವತ್ತು ಕಳಂಜ ಕಟ್ಟುವುದು ಬೇಡವಾಗಿದ್ದರೆ ಅದಕ್ಕೆ ಕಾರಣವಿದೆ, ಕಟ್ಟಿರೆಂದು ಹೇಳುವ ಹಕ್ಕು ನನಗಿಲ್ಲ. ಆದರೆ ಕಥೆ ಈ ಅಸಮಾನತೆಯನ್ನು ಮುಚ್ಚಲೇಬೇಕು ಎಂದೇನೂ ಇಲ್ಲವಲ್ಲ. ಯಾನ್ಸೊನಳ ಕಥೆಯನ್ನೇ ನೋಡಿ. ಚಳಿಗೂ ಹಸಿವಿಗೂ ತತ್ತರಿಸಿದ ಬೇರೆ ಕಣಿವೆಗಳ ಜೀವಿಗಳು ಮೂಮಿನ್ ಮನೆಯಲ್ಲಿ ಜಾಮ್ ತುಂಬಿದ ನೆಲಮಾಳಿಗೆ ಇದೆಯೆಂದು ಕೇಳಿ ಸಾಲುಗಟ್ಟಿ ಬರುತ್ತವೆ. ಮನೆಯ ಹಿರಿಯರು ನಿದ್ದೆಯಲ್ಲಿದ್ದಾರೆ, ಅವರ ಸ್ವತ್ತನ್ನು ಹಂಚಬೇಕೋ ಕಾಯಬೇಕೋ ಎಂದು ಒಬ್ಬ ಹುಡುಗ ತೀರ್ಮಾನಿಸಬೇಕು. ಅವನು ಹಂಚುತ್ತಾನೆ, ಸಂಕಟಪಡುತ್ತಲೇ. ಕೊನೆಗೆ ಅಮ್ಮ ಎದ್ದಾಗ ಖಾಲಿ ನೆಲಮಾಳಿಗೆ ನೋಡಿ ಅವಳು ಮಗನನ್ನು ಬೈಯುವುದಿಲ್ಲ. ಆಸ್ತಿ, ಹಸಿವು, ಹಂಚಿಕೆ ಈ ಮೂರನ್ನೂ ಜಾಮ್ ಬಾಟಲಿಯೊಳಗೆ ಇಟ್ಟುಕೊಟ್ಟ ಪುಸ್ತಕವನ್ನು "ವಾಸ್ತವದಿಂದ ಓಡಿಹೋಗುವ ಕಥೆ" ಎನ್ನುವವರು ಅದನ್ನು ಓದಿಲ್ಲ ಎಂದೇ ಹೇಳಬೇಕಾಗುತ್ತದೆ.

ಈ ಮೆದುತನ ಸುಖದ ದಿನಗಳಲ್ಲಿ ಹುಟ್ಟಿದ್ದೂ ಅಲ್ಲ. 1939ರ ಚಳಿಗಾಲದಲ್ಲಿ ಸೋವಿಯತ್ ಸೈನ್ಯ ಫಿನ್ಲೆಂಡಿನ ಮೇಲೆ ಬಿದ್ದಾಗ ಯಾನ್ಸೊನ್ ತನ್ನ ಮೊದಲ ಮೂಮಿನ್ ಕಥೆಯನ್ನು ಬರೆಯತೊಡಗಿದಳು. 1945ರಲ್ಲಿ ಪ್ರಕಟವಾದ ಆ ಪುಸ್ತಕದ ವಸ್ತು ಮಹಾನೆರೆ. ತಾಯಿಯೂ ಮಗನೂ ನೆರೆಯ ನಡುವೆ ಕಾಣೆಯಾದ ಅಪ್ಪನನ್ನು ಹುಡುಕುತ್ತಾರೆ. 2020ರ ಸೆಪ್ಟೆಂಬರಿನಲ್ಲಿ ಉಡುಪಿಯ ಬೀದಿಗಳಲ್ಲಿ ದೋಣಿ ಓಡಾಡಿದ್ದನ್ನು ಕಂಡ ಮಕ್ಕಳಿಗೆ ಇದನ್ನು ಯಾರಾದರೂ ಓದಿ ಹೇಳಿದ್ದರೆ "ಇದು ನಮ್ಮ ಊರಿನದ್ದಲ್ಲ" ಎಂದು ಅವರು ಹೇಳುತ್ತಿದ್ದರೇ?

ಹಾಗಾದರೆ ನಾವು ಆಟಿಯನ್ನು ಏನು ಮಾಡಿದ್ದೇವೆ? ವೇದಿಕೆಗೆ ಹತ್ತಿಸಿದ್ದೇವೆ. ಜುಲೈ–ಆಗಸ್ಟ್ ಬಂದರೆ ಊರೂರಿನಲ್ಲಿ 'ಆಟಿಡೊಂಜಿ ದಿನ'. ಸಾಲಾಗಿ ಪತ್ರೊಡೆ, ತಜಂಕಿನ ವಡೆ, ಹಲಸಿನ ಹಪ್ಪಳ. ಒಂದೇ ಬಣ್ಣದ ಸೀರೆಗಳು. ಬಾಡಿಗೆಗೆ ತಂದ ಸಿರಿ ಸುತ್ತಿಕೊಂಡ ಕಾಲೇಜು ಹುಡುಗ ಮೈಕಿನ ಎದುರು ಕಳಂಜನಾಗುತ್ತಾನೆ. ತಿನಿಸಿನ ಬಗ್ಗೆ ನನಗೆ ತಕರಾರಿಲ್ಲ, ಪತ್ರೊಡೆ ನನಗೂ ಇಷ್ಟ. ತಕರಾರು ಇರುವುದು ಆ ತಿಂಗಳಿನಿಂದ ಕತ್ತಲೆಯನ್ನು, ಹಸಿವನ್ನು, ಭಯವನ್ನು ತೆಗೆದು ಬರೀ ರುಚಿಯನ್ನು ಉಳಿಸಿಕೊಂಡದ್ದಕ್ಕೆ. ಆಟಿ ಅಮಾವಾಸ್ಯೆಯ ಬೆಳಗ್ಗೆ ಕುಡಿಯುವ ಹಾಲೆಮರದ ಕೆತ್ತೆಯ ಕಷಾಯ ಕಹಿ ಎಂದೇ ಪ್ರಸಿದ್ಧ. ಮೊದಲು ಆ ಕಹಿ, ಆಮೇಲೆ ಮೆಂತೆಗಂಜಿ. ನಮ್ಮ ಹಿರಿಯರು ಮಕ್ಕಳಿಗೂ ಅದನ್ನು ಅದೇ ಕ್ರಮದಲ್ಲಿ ಕೊಟ್ಟರು. ಕಷಾಯಕ್ಕೆ ಸಕ್ಕರೆ ಹಾಕಿ ಕೊಟ್ಟವರನ್ನು ನಾನು ಕಂಡಿಲ್ಲ. ಮಕ್ಕಳ ಪುಸ್ತಕದಲ್ಲಿ ಮಾತ್ರ ನಾವು ಕೊಡುವುದೆಲ್ಲ ಸಕ್ಕರೆ, ಅದೂ ಸಾಲದೆಂದು ಕೊನೆಯಲ್ಲಿ ಒಂದು ಚಮಚ ನೀತಿ.

ಕಳೆದ ಜುಲೈಯಲ್ಲಿ ಮಳೆಗೆ ಶಾಲೆಗಳಿಗೆ ರಜೆ ಕೊಟ್ಟಿದ್ದ ಮೂರು ದಿನ ನಮ್ಮ ಚಾವಡಿಯಲ್ಲಿ ನೆರೆಮನೆಯ ಮಕ್ಕಳಿಗೆ ನಾನು ಈ ಕಥೆಯನ್ನು ಹೇಳಿದೆ. ಕನ್ನಡದಲ್ಲಿ, ನಡುನಡುವೆ ತುಳುವಿನಲ್ಲಿ. ಹಿಮ ಅವರಿಗೆ ಸಮಸ್ಯೆಯೇ ಆಗಲಿಲ್ಲ. ಫ್ರಿಜ್ಜಿನೊಳಗೆ ಕಟ್ಟುವ ಮಂಜು ಊರಿಗೆಲ್ಲ ಬಿದ್ದರೆ ಹೇಗೆ ಎಂದರೆ ಸಾಕಾಯಿತು. ಅವರು ಜಗ್ಗಿ ಹಿಡಿದದ್ದು ಬೇರೆ ಕಡೆ. ಕಾದಂಬರಿಯ ಕೊನೆಯಲ್ಲಿ, ವಸಂತ ಬಂದ ಮೇಲೆ, ಚಂದದ ಬಾಲದ ಅಳಿಲೊಂದು ಓಡಾಡುವುದು ಕಾಣುತ್ತದೆ. ಸತ್ತದ್ದೇ ಇದೋ, ಬೇರೆಯೋ, ಯಾನ್ಸೊನ್ ಬಿಡಿಸಿ ಹೇಳುವುದಿಲ್ಲ. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು, ಆ ವರ್ಷವೇ ಅಜ್ಜನನ್ನು ಕಳೆದುಕೊಂಡವಳು, ಕೇಳಿದಳು: "ಅಕ್ಕಾ, ಅದು ಸತ್ತದ್ದಲ್ವಾ? ಮತ್ತೆ ಹೇಗೆ ಬಂತು?" ಅವಳ ಅಣ್ಣ "ಅದು ಬೇರೆ ಅಳಿಲು ಮಾರಾಯ್ತಿ" ಎಂದ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇರೆಯೇ ಆದ್ರೂ ಬಾಲ ಹಾಗೇ ಉಂಟಲ್ವಾ" ಎಂದಳು.

ಅಜ್ಜ ದೇವರ ಹತ್ತಿರ ಇದ್ದಾರೆ ಎಂದು ದೊಡ್ಡವರು ಅವಳಿಗೆ ಹೇಳಿ ಮುಗಿಸಿದ್ದರು. ಆ ಉತ್ತರದಲ್ಲಿ ಅವಳಿಗೆ ಮಾಡಲು ಏನೂ ಉಳಿದಿರಲಿಲ್ಲ. ಅಳಿಲಿನ ಪ್ರಶ್ನೆಯಲ್ಲಿ ಉಳಿದಿತ್ತು. ಸಾವು, ಮತ್ತೆ ಬರುವುದು, ಹೋಲಿಕೆ, ನೆನಪು ಇವನ್ನೆಲ್ಲ ತಾನೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು, ತನ್ನದೇ ಉತ್ತರ ಕಂಡುಕೊಂಡಳು. "ನೀತಿ ಇಲ್ಲದ ಕಥೆಯನ್ನು ಮಕ್ಕಳು ಎಂತಕ್ಕೆ ಓದ್ಬೇಕು" ಎಂಬುದಕ್ಕೆ ನನ್ನ ಎರಡನೇ ಉತ್ತರ ಇದು. ನೀತಿ ಹೇಳಿದ ಕೂಡಲೇ ಕಥೆ ದೊಡ್ಡವರ ಸ್ವತ್ತಾಗುತ್ತದೆ. ಹೇಳದೆ ಬಿಟ್ಟರೆ ಮಗುವಿಗೆ ಸೇರುತ್ತದೆ.

ಇದರ ಹಿಂದೆ ಒಂದು ಅನ್ಯಾಯವೂ ಇದೆ. ಮಣಿಪಾಲದ ಒಳ್ಳೆಯ ಇಂಗ್ಲಿಷ್ ಶಾಲೆಗೆ ಹೋಗುವ ಮಗುವಿಗೆ ಈ ಪುಸ್ತಕ ಇವತ್ತಲ್ಲ ನಾಳೆ ಸಿಗುತ್ತದೆ. ಅವಳ ಕೋಣೆಯ ಕಪಾಟಿನಲ್ಲಿ ನಾರ್ನಿಯಾ ಇರುತ್ತದೆ, ಆಂಡರ್ಸನ್ ಇರುತ್ತಾನೆ. ಕುಕ್ಕುಂದೂರಿನ ಕನ್ನಡ ಶಾಲೆಯ ಮಗುವಿನ ಕೈಗೆ ಸಿಗುವುದು ಬಹುಮಾನವಾಗಿ ಬಂದ ನೀತಿಕಥೆಗಳ ತೆಳು ಪುಸ್ತಕ: ಸುಳ್ಳು ಹೇಳಬಾರದು, ಹಿರಿಯರ ಮಾತು ಕೇಳಬೇಕು, ದುರಾಸೆ ಕೆಟ್ಟದ್ದು. ಒಬ್ಬಳಿಗೆ ಲೋಕದ ಕತ್ತಲೆಯೊಳಗೆ ನಡೆದುನೋಡುವ ಸ್ವಾತಂತ್ರ್ಯ, ಇನ್ನೊಬ್ಬಳಿಗೆ ಶಿಸ್ತು. "ನಮ್ಮ ಮಕ್ಕಳಿಗೆ ಹಿಮದ ಕಥೆ ಯಾಕೆ" ಎಂದು ಕೇಳುವವರು ನೆಲದ ಪರವಾಗಿ ಮಾತಾಡುತ್ತಿದ್ದೇವೆಂದು ತಿಳಿದಿರಬಹುದು. ಅವರ ಮಾತಿನ ಪರಿಣಾಮ ಬೀಳುವುದು ಮಾತ್ರ ಈ ಎರಡನೇ ಹುಡುಗಿಯ ಮೇಲೆ. ಮೊದಲನೆಯವಳು ಅವರ ಅಪ್ಪಣೆಗೆ ಕಾಯುತ್ತಿಲ್ಲ.

ಹಾಗಾಗಿ ನಾನು ಕೇಳುವುದು ಎರಡು. ಒಂದು, ಇಂಥ ಪುಸ್ತಕಗಳು ಕನ್ನಡಕ್ಕೆ ಬರಲಿ, ಕುದಿಸಿ ಸೋಸಿದ 'ಸಂಗ್ರಹಾನುವಾದ'ವಾಗಿ ಬೇಡ, ಇಡಿಯಾಗಿ ಬರಲಿ. ಅಳಿಲು ಸಾಯಲಿ. ಗ್ರೋಕ್ ಬೆಂಕಿ ಆರಿಸಲಿ. ಕೊನೆಯಲ್ಲಿ ನೀತಿಯ ಸಾಲು ಸೇರಿಸಬೇಡಿ. ಬಾಲವಾಡಿ ಕನ್ನಡವೂ ಬೇಡ, ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಮಕ್ಕಳ ಜೊತೆ ಆಡುವ ಕನ್ನಡ ಸಾಕು. ಪಂಜೆಯವರ ಭಾಷೆ ನೂರು ವರ್ಷದ ಹಿಂದೆಯೇ ಇದಕ್ಕೆ ಸಿದ್ಧವಾಗಿತ್ತು.

ಎರಡನೆಯದು ನನ್ನ ಓರಗೆಯ ಲೇಖಕರಿಗೆ. ಆಟಿಯ ಮೇಲೆ ಪ್ರಬಂಧ ಬರೆದದ್ದು ಸಾಕು, ನಾನೂ ಸೇರಿದಂತೆ ನಾವೆಲ್ಲ ಬೇಕಾದ್ದಕ್ಕಿಂತ ಹೆಚ್ಚು ಬರೆದಿದ್ದೇವೆ. ಆಟಿಯೊಳಗೆ ಎಚ್ಚರವಾದ ಒಂದು ಮಗುವಿನ ಕಥೆ ಬರೆಯಿರಿ. ಆ ಮಗು ಗುತ್ತಿನ ಮನೆಯದ್ದೇ ಆಗಬೇಕಿಲ್ಲ. ಅಂಗಳದಲ್ಲಿ ಅಕ್ಕಿ ಹಿಡಿದು ನಿಂತ ಮಗುವಾಗಬಹುದು, ತೆಂಬರೆ ಹಿಡಿದು ಮಳೆಯಲ್ಲಿ ಅಪ್ಪನ ಹಿಂದೆ ಬಂದ ಮಗುವೂ ಆಗಬಹುದು. ನಾಳೆ ಇಬ್ಬರೂ ಒಂದೇ ಕ್ಲಾಸಿನ ಬೆಂಚಿನಲ್ಲಿ ಕೂರುವವರು. ಆ ಎರಡು ಮಕ್ಕಳು ಗೆರಸೆಯ ಆಚೀಚೆ ನಿಂತು ಒಬ್ಬರನ್ನೊಬ್ಬರು ನೋಡಿದ ಗಳಿಗೆಯನ್ನು ಯಾರನ್ನೂ ದೂರದೆ, ಯಾವುದನ್ನೂ ಮುಚ್ಚದೆ ಬರೆಯಬಲ್ಲವರು ಬೇಕು. ಅದಕ್ಕೆ ಬೇಕಾದ ಮೆದುತನ ಸಿಹಿಯಿಂದ ಬರುವುದಿಲ್ಲ.

ಆಟಿ ಮುಗಿದು ಸೋಣ ಬರುತ್ತದೆ, ಯಾರೂ ಮಳೆಯನ್ನು ಸೋಲಿಸಿದ್ದಕ್ಕಲ್ಲ. ಇಷ್ಟು ಸಣ್ಣ ಸತ್ಯವನ್ನು ನಮ್ಮ ಮಕ್ಕಳಿಗೆ ಹೇಳುವ ಪುಸ್ತಕ ನಮ್ಮ ಭಾಷೆಯಲ್ಲಿ ಇರಲಿ. ಅಲ್ಲಿಯವರೆಗೆ ಅದನ್ನು ಫಿನ್ಲೆಂಡಿನಿಂದ ಎರವಲು ತರುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆಟಿಯಲ್ಲಿ ನೆರೆಮನೆಯಿಂದ ಅಕ್ಕಿ ಕಡ ತರದೆ ಇದ್ದ ಮನೆಗಳು ನಮ್ಮೂರಲ್ಲಿ ಎಷ್ಟಿದ್ದವು?